ಹತ್ತನೇ ಕೆಂಪು ಗುಂಡಿ

ಎಲ್ಲ ಅನಾಹುತಕ್ಕೂ ಮೂಲ ಇಷ್ಟೇ: ಎರಡು ವರ್ಷದ ಹಿಂದೆ ನಮ್ಮ ಮೇಷ್ಟ್ರು ಒಂದು ಪೆಟ್ಟಿಗೆಯ ಮುಚ್ಚಳ ತೆಗೆದಿದ್ದರು.

ಇಲಾಖೆಯಿಂದ ಶಾಲೆಗೊಂದರಂತೆ ಬಂದ ಕಲಿಕೆಯ ಪೆಟ್ಟಿಗೆ ಅದು. ಒಳಗೆ ಒಂದು ಭೂಗೋಳ, ಒಂದು ಮಣಿಚೌಕಟ್ಟು, ಒಂದು ಪುಟ್ಟ ತಕ್ಕಡಿ, ಒಂದಿಷ್ಟು ಅಕ್ಷರದ ಕಾರ್ಡುಗಳು. ಇಂಥ ಪೆಟ್ಟಿಗೆ ಬಂದರೆ ಏನು ಮಾಡಬೇಕೆಂಬುದು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಎಲ್ಲ ಮೇಷ್ಟ್ರುಗಳಿಗೂ ಗೊತ್ತಾಗಿಬಿಡುತ್ತದೆ. ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ತನಿಖೆಗೆ ಬಂದವರಿಗೆ ತೆಗೆದು ತೋರಿಸಬೇಕು, ಅವರು ಹೋದ ಮೇಲೆ ಒರೆಸಿ ಮತ್ತೆ ಒಳಗಿಡಬೇಕು. ಹಿಂದೊಬ್ಬ ಸಾಹೇಬರು ಭೂಗೋಳದ ಮೇಲೆ ಉಗುರಿನಷ್ಟು ಬಣ್ಣ ಹೋಗಿದೆಯೆಂದು ಒಬ್ಬ ಟೀಚರಮ್ಮನ ಬಡ್ತಿಯನ್ನೇ ತಡೆದಿದ್ದರು. ಅಂದಿನಿಂದ ಸುತ್ತಲಿನ ಶಾಲೆಗಳಲ್ಲೆಲ್ಲ ಭೂಮಿ ಕತ್ತಲಲ್ಲೇ ಇತ್ತು.

ನಮ್ಮ ಮೇಷ್ಟ್ರಿಗೂ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಅವರ ಶಾಲೆಗೆ ಇದ್ದದ್ದು ಒಂದೇ ಕೋಣೆ, ನಾಲ್ಕು ತರಗತಿಗೂ ಅವರೊಬ್ಬರೇ. ಕರಿಹಲಗೆಯ ಕಪ್ಪು ಎಂದೋ ಹೋಗಿ, ಸೀಮೆಸುಣ್ಣ ಅದರ ಮೇಲೆ ಜಾರುತ್ತಿತ್ತು. ಆ ಕೋಣೆಯ ಮೂಲೆಯಲ್ಲಿ ಶಾಲೆಯ ಅಡುಗೆಯಮ್ಮನ ಮೊಮ್ಮಗಳು ಕೂರುತ್ತಿದ್ದಳು. ಐದರ ಮುಂದೆ ಎಷ್ಟು ಎಂದರೆ ಆ ಹುಡುಗಿ ಕಿಟಕಿ ನೋಡುತ್ತಿದ್ದಳು. ಹೇಳಿಕೊಟ್ಟದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತಿತ್ತು. ಒಂದು ದಿನ ಅಡುಗೆಯಮ್ಮ ತಾವೇ ಬಂದು, ಅವಳಿಗೆ ತಲೆಗೆ ಹತ್ತೋಲ್ಲ ಬಿಡಿ ಮೇಷ್ಟ್ರೇ, ನನ್ನ ಹಾಗೆ ಪಾತ್ರೆ ತೊಳೆಯೋದಕ್ಕೆ ಲೆಕ್ಕ ಯಾಕೆ ಬೇಕು ಎಂದುಬಿಟ್ಟರು. ಬೇಸರವೂ ಇಲ್ಲದೆ ಹೇಳಿದ ಆ ಮಾತು ಮೇಷ್ಟ್ರ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಮಾರನೆಯ ದಿನ ಅವರು ಪೆಟ್ಟಿಗೆ ತೆಗೆದರು.

ನಲವತ್ತು ಮಕ್ಕಳ ಎಂಬತ್ತು ಕೈಗೆ ಸಿಕ್ಕಿದ ಮೇಲೆ ಕೇಳಬೇಕೆ? ಎರಡು ವರ್ಷದಲ್ಲಿ ಭೂಗೋಳದ ಸಮುದ್ರವೆಲ್ಲ ಬೆರಳುಜ್ಜಿ ಬೆಳ್ಳಗಾಯಿತು. ಅಕ್ಷರದ ಕಾರ್ಡುಗಳು ಹಳೆಯ ಬಟ್ಟೆಯಂತೆ ಮೆತ್ತಗಾದವು. ತಕ್ಕಡಿಯ ಒಂದು ತಟ್ಟೆ ಮುರಿದು ಆ ಜಾಗಕ್ಕೆ ಡಬ್ಬಿಯ ಮುಚ್ಚಳ ಬಂತು. ಮಣಿಚೌಕಟ್ಟಿನ ಎರಡನೇ ಸಾಲಿನ ಮಣಿಗಳು ಒಡೆದಾಗ ಎದುರು ಅಂಗಡಿಯ ದರ್ಜಿ ಹತ್ತು ಕೆಂಪು ಗುಂಡಿ ಕೊಟ್ಟ. ಅವನ್ನು ಪೋಣಿಸಿದವಳು ಅಡುಗೆಯಮ್ಮನ ಮೊಮ್ಮಗಳೇ. ಒಂದು ಬಿಳಿ ಮಣಿ ಅಂದರೆ ಒಂದು, ಒಂದು ಕೆಂಪು ಗುಂಡಿ ಅಂದರೆ ಹತ್ತು. ಕಳೆದ ವಾರ ಅವಳು ಹತ್ತೂ ಗುಂಡಿಗಳನ್ನು ಒಂದೊಂದಾಗಿ ದಾಟಿಸಿ "ನೂರು" ಎಂದಳು. ಸೌಟು ಹಿಡಿದೇ ಬಾಗಿಲಿಗೆ ಬಂದ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವತ್ತು ಸಾರು ತಳ ಹಿಡಿದರೂ ಯಾರೂ ದೂರಲಿಲ್ಲ.

ಹೀಗಿರುವಾಗ ಅಂದು ಬೆಳಿಗ್ಗೆ ಎಂಟೂವರೆಗೆ ಕಾಲುವೆಯಾಚೆಯ ಶಾಲೆಯ ಬೀಗದ ಮೇಷ್ಟ್ರು ಫೋನು ಮಾಡಿದರು. ಅವರಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಸೊಂಟದಲ್ಲಿ ಸದಾ ಬೀಗದ ಕೈಗಳ ಗೊಂಚಲು, ನಡೆದರೆ ಗಾಡಿ ಬಂದ ಹಾಗೆ ಸದ್ದು. ಸುದ್ದಿ ಏನೆಂದರೆ, ಹೊಸದಾಗಿ ಬಂದ ತನಿಖೆಯ ಮೇಡಂ ಪೆಟ್ಟಿಗೆ ನೋಡಲೆಂದೇ ಹೊರಟಿದ್ದಾರೆ. ಹನ್ನೊಂದಕ್ಕೆ ನಮ್ಮ ಮೇಷ್ಟ್ರ ಶಾಲೆ, ಮೂರಕ್ಕೆ ಅವರ ಶಾಲೆ.

ನಮ್ಮ ಮೇಷ್ಟ್ರು ಬೆಳ್ಳಗಾದ ಸಮುದ್ರವನ್ನೊಮ್ಮೆ ನೋಡಿದರು, ಡಬ್ಬಿಯ ಮುಚ್ಚಳವನ್ನೊಮ್ಮೆ ನೋಡಿದರು. ಆಮೇಲೆ ಸೈಕಲ್ಲು ಹತ್ತಿದರು.

ಬೀಗದ ಮೇಷ್ಟ್ರ ಪೆಟ್ಟಿಗೆ ಮದುವೆಗೆ ಸಿದ್ಧವಾದ ಹೆಣ್ಣಿನಂತಿತ್ತು. ಭೂಗೋಳದ ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ. ಮಧ್ಯಾಹ್ನ ಎರಡರೊಳಗೆ ವಾಪಸು ತರಬೇಕು, ಕವರು ಬಿಚ್ಚಬಾರದು, ಯಾರದೆಂದು ಯಾರಿಗೂ ಬಾಯಿ ಬಿಡಬಾರದು, ಹೀಗೆ ಮೂರು ಸಲ ಮಾತು ತೆಗೆದುಕೊಂಡೇ ಅವರು ಪೆಟ್ಟಿಗೆ ಕೊಟ್ಟದ್ದು. "ನಿವೃತ್ತಿಗೆ ನಾಲ್ಕು ತಿಂಗಳಿದೆ ಮೇಷ್ಟ್ರೇ. ನಿಮ್ಮ ಮುಖ ನೋಡಿ ಕೊಡ್ತಿದೀನಿ," ಎಂದರು. ಮನುಷ್ಯ ಪುಕ್ಕಲನೇ ಹೊರತು ಕೆಟ್ಟವನಲ್ಲ.

ವಾಪಸು ಬರುವಾಗ ಸೈಕಲ್ಲಿನ ಚೈನು ಎರಡು ಸಲ ಕಳಚಿತು. ದರ್ಜಿ ಅಡ್ಡಗಟ್ಟಿ, ಹೊಸ ಟೀವಿಯೋ ಎಂದು ಪೆಟ್ಟಿಗೆ ತಟ್ಟಿ ನೋಡಿದ. ಅಂತೂ ಹತ್ತೂಮುಕ್ಕಾಲಿಗೆ ಶಾಲೆ ಮುಟ್ಟಿದಾಗ ಮೇಷ್ಟ್ರ ಅಂಗಿ ಹಿಂಡಿದರೆ ನೀರು ಬರುವಂತಿತ್ತು. ಅಷ್ಟರಲ್ಲಿ ಅಡುಗೆಯಮ್ಮ ಹಳೆಯ ಪೆಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ ಅಡುಗೆಕೋಣೆಯ ಸೌದೆಯ ಹಿಂದೆ ಸೇರಿಸಿದ್ದರು. ಮೇಷ್ಟ್ರು ಅವರಿಗೆ ಪಾಠ ಹೇಳಿಕೊಟ್ಟರು: ಕೇಳಿದರೆ, ಪೆಟ್ಟಿಗೆಯನ್ನು ಮಕ್ಕಳು ಮುಟ್ಟೇ ಇಲ್ಲ ಅನ್ನಿ. ಮಕ್ಕಳಿಗೂ ಹೇಳಿದರು: ಈವತ್ತು ಯಾರೂ ಇದನ್ನು ಮುಟ್ಟಬಾರದು. ಅಡುಗೆಯಮ್ಮನ ಮೊಮ್ಮಗಳು ಮುಷ್ಟಿ ಬಿಗಿಹಿಡಿದು ಮೂಲೆಯಲ್ಲಿ ಕೂತಿದ್ದಳು. ಚೌಕಟ್ಟನ್ನು ಗೋಣಿಗೆ ತುಂಬುವಾಗ ಅವಳು ಅದರಿಂದ ಏನನ್ನೋ ಕಿತ್ತುಕೊಂಡದ್ದನ್ನು ಯಾರೂ ಗಮನಿಸಿರಲಿಲ್ಲ.

ಮೇಡಂ ಬಂದರು. ಸಣ್ಣ ವಯಸ್ಸು, ಮೆಲುದನಿ, ಧೂಳು ಮೆತ್ತಿದ ಚಪ್ಪಲಿ. ಕುರ್ಚಿ ಒರೆಸಿಕೊಟ್ಟರೆ ಕೂರದೆ ನೇರವಾಗಿ ಮಕ್ಕಳ ನಡುವೆ ನೆಲದ ಮೇಲೆ ಕೂತರು. ಪೆಟ್ಟಿಗೆ ತೆಗೆದು, ಕವರು ಹೊದ್ದ ಭೂಗೋಳವನ್ನು ಎತ್ತಿ ಹಿಡಿದು, ಬಹಳ ಹೊತ್ತು ನೋಡಿದರು. ಒಂದು ಗೀರೂ ಇಲ್ಲವೆಂದು ಮೇಷ್ಟ್ರು ಒಳಗೊಳಗೇ ಉಬ್ಬಿದರು.

ಮೇಡಂ ಮಣಿಚೌಕಟ್ಟನ್ನು ಮೂಲೆಯ ಹುಡುಗಿಯ ಮುಂದಿಟ್ಟು, ಇದರಲ್ಲಿ ಮೂವತ್ತನಾಲ್ಕು ತೋರಿಸಮ್ಮ ಎಂದರು. ಹುಡುಗಿ ಚೌಕಟ್ಟು ನೋಡಿದಳು. ಎಲ್ಲ ಮಣಿಯೂ ಒಂದೇ ಬಿಳಿ. ಕೆಂಪು ಎಲ್ಲೂ ಇಲ್ಲ.

"ಇದು ನಮ್ಮದಲ್ಲ," ಎಂದಳು.

"ನಿಮ್ಮದೇ ಅಲ್ವಾ? ಮುಟ್ಟಿ ನೋಡು."

"ಮುಟ್ಟಬಾರದು ಅಂತ ಮೇಷ್ಟ್ರು ಹೇಳಿದಾರೆ."

ಹಸಿಗೋಡೆಗೆ ಹರಳು ಹೊಡೆದ ಹಾಗೆ ನಿಜ ಹೇಳುವ ಮಕ್ಕಳನ್ನು ತಯಾರು ಮಾಡಿದವರು ಮೇಷ್ಟ್ರೇ. ಈಗ ಯಾರನ್ನು ದೂರುವುದು?

ಮೇಡಂ ಎದ್ದು ನಿಂತರು. ಅವರ ದನಿ ಏರಲಿಲ್ಲ. ಏರಿದ್ದರೆ ಮೇಷ್ಟ್ರಿಗೆ ಎಷ್ಟೋ ವಾಸಿಯಿತ್ತು. "ನಾನು ಸವೆದ ಪೆಟ್ಟಿಗೆ ಹುಡುಕ್ಕೊಂಡು ತಿರುಗ್ತಿದೀನಿ ಮೇಷ್ಟ್ರೇ. ಇಪ್ಪತ್ತೆರಡು ಶಾಲೆ ಆಯ್ತು. ಎಲ್ಲ ಕಡೆ ಇದೇ ಕವರು. ಒಂದೇ ಒಂದು ಶಾಲೇಲಿ ಮಕ್ಕಳು ಮುಟ್ಟಿ ಮುರಿದ ಪೆಟ್ಟಿಗೆ ಸಿಕ್ಕಿದ್ರೆ, ಅಲ್ಲಿಗೆ ಇನ್ನೊಂದು ಪೆಟ್ಟಿಗೆ ಕೊಡ್ತೀನಿ, ಇನ್ನೊಬ್ಬ ಮೇಷ್ಟ್ರನ್ನೂ ಕೊಡ್ತೀನಿ. ಆದೇಶ ಚೀಲದಲ್ಲೇ ಇದೆ. ಹೆಸರು ಮಾತ್ರ ಬರೆದಿಲ್ಲ."

ಹದಿನೈದು ವರ್ಷದಿಂದ ನಮ್ಮ ಮೇಷ್ಟ್ರು ಬೇಡಿದ್ದು ಇನ್ನೊಬ್ಬ ಮೇಷ್ಟ್ರನ್ನೇ. "ಮೇಡಂ," ಎಂದರು, "ನಿಜ ಹೇಳ್ತೀನಿ. ಇದು ನಮ್ಮ ಪೆಟ್ಟಿಗೆ ಅಲ್ಲ. ನಮ್ಮದು ಅಡುಗೆಕೋಣೇಲಿದೆ."

"ಹಾಗಾದ್ರೆ ಇದು ಯಾರದು?"

ಮೇಷ್ಟ್ರು ಅಡುಗೆಕೋಣೆಯ ಕಡೆ ಇಟ್ಟ ಹೆಜ್ಜೆಯನ್ನು ಹಿಂದಕ್ಕೆಳೆದುಕೊಂಡರು. ಹಳೆಯದನ್ನು ತಂದಿಟ್ಟರೆ ಇದು ಯಾರದೆಂದು ಹೇಳಲೇಬೇಕು, ಹೇಳಿದರೆ ಮೂರು ಸಲ ಕೊಟ್ಟ ಮಾತು ಹೋಯಿತು. ನಾಲ್ಕು ತಿಂಗಳಲ್ಲಿ ಮನೆಗೆ ಹೋಗುವ ಮುದುಕನನ್ನು ಹಿಡಿದುಕೊಡುವುದು ಹೇಗೆ?

ಈ ಹಿಂಜರಿಕೆಯೇ ಸಾಕಾಯಿತು ಅಡುಗೆಯಮ್ಮನಿಗೆ. ತಮ್ಮ ಮೇಷ್ಟ್ರಿಗೆ ಹೆದರಿಕೆಯಿಂದ ಮಾತು ತಪ್ಪುತ್ತಿದೆಯೆಂದು ಅವರು ಸೌಟು ಸಮೇತ ಮುಂದೆ ಬಂದರು.

"ಅಡುಗೆಕೋಣೇಲಿ ಪಾತ್ರೆ, ಸೌದೆ ಬಿಟ್ರೆ ಏನೂ ಇಲ್ಲ ತಾಯಿ. ನಮ್ಮ ಮೇಷ್ಟ್ರು ಎಷ್ಟು ಜೋಪಾನ ಅಂದ್ರೆ, ಎರಡು ವರ್ಷದಿಂದ ಆ ಪೆಟ್ಟಿಗೆಗೆ ಒಂದು ಮಗೂನ ಕೈ ಸೋಕಿಸಿಲ್ಲ."

ಹೇಳಿಕೊಟ್ಟ ಪಾಠವನ್ನು ಇಷ್ಟು ಸೊಗಸಾಗಿ ಒಪ್ಪಿಸಿದ ಶಿಷ್ಯರು ಮೇಷ್ಟ್ರಿಗೆ ಇಡೀ ಸೇವೆಯಲ್ಲಿ ಇನ್ನೊಬ್ಬರು ಸಿಕ್ಕಿರಲಿಲ್ಲ. ಮೇಡಂ, ಬಳಸುವವರಿಗೆ ಕೊಡುತ್ತೇನೆಂದು ಪೆಟ್ಟಿಗೆಯನ್ನು ಜೀಪಿಗೆ ಹಾಕಿಸಿಕೊಂಡರು. ಕಾಲುವೆ ಸೇತುವೆಯ ಪಕ್ಕದ ಪ್ರವಾಸಿ ಮಂದಿರದಲ್ಲಿ ಊಟ ಮುಗಿಸಿ ಮೂರಕ್ಕೆ ಮುಂದಿನ ಶಾಲೆಗೆ ಹೋಗುವುದಾಗಿ ಡ್ರೈವರಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಒಂದು ಗಂಟೆಗೆ ಬೀಗದ ಮೇಷ್ಟ್ರ ಫೋನು ಬಂತು. ನಡೆದದ್ದನ್ನು ಕೇಳಿ ಅವರು ಬೈಯಲಿಲ್ಲ, ಅತ್ತುಬಿಟ್ಟರು. ಸವೆದ ಪೆಟ್ಟಿಗೆ ಇದ್ದರೆ ಮೆಚ್ಚುತ್ತಾರಂತೆ, ಹೊಸದಿದ್ದರೆ ಬೈಯುತ್ತಾರಂತೆ, ಪೆಟ್ಟಿಗೆಯೇ ಇಲ್ಲದಿದ್ದರೆ ಏನು ಮಾಡುತ್ತಾರೋ ಎಂದು ಮುದುಕ ಬಿಕ್ಕಿದರು. ಮೇಷ್ಟ್ರು ಫೋನಿಟ್ಟು, ಅಡುಗೆಯಮ್ಮನಿಂದ ಗೋಣಿ ಈಸಿಕೊಂಡು, ಸೈಕಲ್ಲಿಗೆ ಕಟ್ಟಿದರು.

ಸೇತುವೆಯ ಬಳಿ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಪ್ರವಾಸಿ ಮಂದಿರ. ಗೋಣಿ ಬಿಚ್ಚಿ ಮೇಡಂ ಎದುರಿಟ್ಟರೆ ಸಾಕು, ಇನ್ನೊಂದು ಪೆಟ್ಟಿಗೆ, ಇನ್ನೊಬ್ಬ ಮೇಷ್ಟ್ರು, ಹೋದ ಮಾನ, ಎಲ್ಲ ಒಂದೇ ಏಟಿಗೆ ಬರುತ್ತಿತ್ತು. ಬಲಕ್ಕೆ ಹೋದರೆ ಬೀಗದ ಮೇಷ್ಟ್ರ ಶಾಲೆ. ಮೇಷ್ಟ್ರು ಒಂದು ಕಾಲು ನೆಲಕ್ಕೂರಿ ನಿಂತು ಜೀಪನ್ನು ನೋಡಿದರು. ಹಿಂದೆ ನೋಡಿದರೆ ನಲವತ್ತು ಮಕ್ಕಳು, ಮುಂದೆ ನೋಡಿದರೆ ಮೂರು ಸಲ ಕೊಟ್ಟ ಮಾತು. ಮಕ್ಕಳ ಪಾಲನ್ನು ತಾನೇ ಕೈಯಾರೆ ದಾನ ಮಾಡುತ್ತಿದ್ದೇನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಣ್ಣು ಮಂಜಾಯಿತು. ಮಾತಿಗೆ ತಪ್ಪಿದವನು ನಾಳೆ ಯಾವ ಮುಖ ಹೊತ್ತು ಪಾಠ ಮಾಡುವುದು ಎಂದುಕೊಂಡು ಬಲಕ್ಕೆ ತಿರುಗಿದರು.

ಸಂಜೆ ಐದಕ್ಕೆ ಶಾಲೆ ಖಾಲಿಯಾಗಿತ್ತು. ಅಡುಗೆಯಮ್ಮ ಪಾತ್ರೆ ತೊಳೆಯುತ್ತಿದ್ದರು. ಮೊಮ್ಮಗಳು ಜಗಲಿಯ ಮೇಲೆ ಕೂತು, ನಮ್ಮ ಪೆಟ್ಟಿಗೆ ನಾಳೆ ಬರುತ್ತಾ ಎಂದು ನಾಲ್ಕನೇ ಸಲ ಕೇಳಿದ್ದಳು. ಅಷ್ಟರಲ್ಲಿ ಬೀಗದ ಕೈಗಳ ಸದ್ದು ಕೇಳಿಸಿತು. ಬಗಲಲ್ಲಿ ಮಣಿಚೌಕಟ್ಟು ಹಿಡಿದು ಬರುತ್ತಿದ್ದ ಮುದುಕನನ್ನು ಕಂಡು ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ವಾಪಸು ಕೊಡಲು ಬಂದಿದ್ದಾರೆ ಅಂದುಕೊಂಡರು.

ಬೀಗದ ಮೇಷ್ಟ್ರು ಕೂತು, ನೀರು ಕುಡಿದು, ನಡೆದದ್ದನ್ನು ಹೇಳಿದರು. ಬೆಳ್ಳಗಾದ ಸಮುದ್ರ ನೋಡಿ ಮೇಡಂ ಕಣ್ಣಲ್ಲಿ ನೀರು ಬಂತಂತೆ. ಮಕ್ಕಳನ್ನು ಇವರು ಮೊದಲೇ ಆಟಕ್ಕೆ ಬಿಟ್ಟಿದ್ದರಂತೆ. ಇಂಥ ಪೆಟ್ಟಿಗೆ ನೋಡಿದ ಮೇಲೆ ಮಕ್ಕಳನ್ನು ಬೇರೆ ನೋಡುವುದೇನಿದೆ ಎಂದರಂತೆ ಮೇಡಂ. ಜೀಪಿನಲ್ಲಿದ್ದ ಹೊಸ ಪೆಟ್ಟಿಗೆಯನ್ನು ಅಲ್ಲೇ ಇಳಿಸಿ, ಆದೇಶದಲ್ಲಿ ಆ ಶಾಲೆಯ ಹೆಸರನ್ನೇ ಬರೆದುಕೊಟ್ಟರಂತೆ.

"ಸೋಮವಾರ ತರಬೇತಿ ಇಟ್ಟಿದಾರೆ ಮೇಷ್ಟ್ರೇ. ಸುತ್ತಿನ ಮೇಷ್ಟ್ರುಗಳಿಗೆಲ್ಲ ನಾನೇ ಹೇಳಿಕೊಡಬೇಕಂತೆ. ಪಟ್ಟೀಲಿ ಮೊದಲನೇ ಹೆಸರು ನಿಮ್ಮದು." ಅವರು ತಲೆ ತಗ್ಗಿಸಿದರು. "ಅದಕ್ಕೇ ಬಂದೆ. ಇದನ್ನ ಹೇಗೆ ಬಳಸೋದು ಅಂತ ಈವತ್ತು ನೀವು ನನಗೆ ಹೇಳಿಕೊಡಿ. ಸೋಮವಾರ ನಾನು ನಿಮಗೆ ಹೇಳಿಕೊಡಬೇಕು."

ಮೇಷ್ಟ್ರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೇಳಿಕೊಟ್ಟರು. ಬಿಳಿ ಮಣಿ ಒಂದು, ಕೆಂಪು ಗುಂಡಿ ಹತ್ತು. ಬೀಗದ ಮೇಷ್ಟ್ರು ಪುಸ್ತಕ ತೆಗೆದು ಎಲ್ಲವನ್ನೂ ಬರೆದುಕೊಂಡರು. ಎರಡು ಸಲ ತಾವೇ ಮಣಿ ದಾಟಿಸಿ ನೋಡಿ, ಇಷ್ಟು ದಿನ ಇದು ನನ್ನ ಬೀರುವಿನಲ್ಲೇ ಇತ್ತಲ್ಲ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು.

"ತರಬೇತಿ ಆದ ಮೇಲೆ ನಮ್ಮ ಪೆಟ್ಟಿಗೆ ಕೊಡ್ತೀರಲ್ಲ ಸಾರ್?"

"ಹೇಗೆ ಕೊಡಲಿ? ಮಾದರಿ ಪೆಟ್ಟಿಗೆ ಅಂತ ಬರೆದು ರುಜು ಹಾಕಿದಾರೆ. ನೋಡೋಕೆ ಜನ ಬರ್ತಾರೆ. ಇನ್ನು ಮೇಲೆ ಇದು ಇಷ್ಟೇ ಸವೆದಿರಬೇಕು, ಇದಕ್ಕಿಂತ ಸವೆಯಬಾರದು. ಬೀಗ ಹಾಕಿಡ್ತೀನಿ."

"ಹೊಸದು?"

"ಅದು ಹೊಸದಲ್ವಾ. ಅದಕ್ಕೂ ಬೀಗ."

ಬೀಗದ ಮೇಷ್ಟ್ರು ಹೊರಡುವ ಮುನ್ನ ಕೆಂಪು ಗುಂಡಿಗಳನ್ನು ಬೆರಳಿನಿಂದ ಎಣಿಸಿ, ಮತ್ತೆ ಎಣಿಸಿ, ಹುಬ್ಬು ಗಂಟಿಕ್ಕಿದರು. ಒಂಬತ್ತೇ ಇವೆಯಲ್ಲ, ಸೋಮವಾರ ನೂರು ಮಾಡಿ ತೋರಿಸುವುದು ಹೇಗೆ ಎಂದು ಕೇಳಿದರು.

ಮೇಷ್ಟ್ರು ಜಗಲಿಯ ಕಡೆ ನೋಡಿದರು. ಹುಡುಗಿ ಬೆಳಗಿನಿಂದ ಬಿಗಿಹಿಡಿದಿದ್ದ ಮುಷ್ಟಿ ಇನ್ನೂ ಹಾಗೇ ಇತ್ತು. ಬೆರಳ ಸಂದಿಯಲ್ಲಿ ಒಂದಿಷ್ಟು ಕೆಂಪು ಕಂಡಿತು. ಅವರಿಗೆ ಆಗಲೇ ಅರ್ಥವಾಯಿತು. ಅಷ್ಟಾದರೂ ಉಳಿಯಲಿ ಎಂದು, ಇಡೀ ದಿನದಲ್ಲಿ ಹೇಳಲು ಯೋಗ್ಯವಾದ ಒಂದೇ ಸುಳ್ಳನ್ನು ಅವರು ಈಗ ಮನಸಾರೆ ಹೇಳಿದರು.

"ಮೊದಲಿಂದಲೂ ಒಂಬತ್ತೇ ಸಾರ್."

"ಅಲ್ಲ ಮೇಷ್ಟ್ರೇ," ಎಂದಳು ಹುಡುಗಿ. ಮೇಷ್ಟ್ರು ಲೆಕ್ಕ ತಪ್ಪಿದ್ದು ಅವಳು ಕಂಡದ್ದು ಅದೇ ಮೊದಲು. ಎದ್ದು ಬಂದು, ಅಂಗೈ ಬಿಚ್ಚಿ, ಗುಂಡಿಯನ್ನು ಉಳಿದವುಗಳ ಪಕ್ಕ ಇಟ್ಟಳು. "ಒಂಬತ್ತು ಮತ್ತೆ ಒಂದು. ಹತ್ತು."

ಬೀಗದ ಮೇಷ್ಟ್ರಿಗೆ ಸಂತೋಷವಾಯಿತು. ಗುಂಡಿಯನ್ನು ಜೋಪಾನವಾಗಿ ಜೇಬಿಗಿಟ್ಟುಕೊಂಡು ಹುಡುಗಿಯ ತಲೆ ಸವರಿದರು.

"ಲೆಕ್ಕ ಎಷ್ಟು ಚೆನ್ನಾಗಿ ಬರುತ್ತೆ ಈ ಮಗೂಗೆ. ಯಾರಮ್ಮ ಹೇಳಿಕೊಟ್ಟಿದ್ದು?"

ಉತ್ತರಕ್ಕೆ ಅವರು ಕಾಯಲಿಲ್ಲ. ಕತ್ತಲಾಗುವುದರೊಳಗೆ ಕಾಲುವೆ ದಾಟಬೇಕಿತ್ತು.