ಬೆಟ್ಟದ ಮೀಸೆ

ಇಷ್ಟಕ್ಕೆಲ್ಲ ಕಾರಣ ಬಸ್ಸಿನ ಕಿಟಕಿ. ಕಟಿಂಗ್ ಶಾಪಿನ ಮಾಸ್ಟರು ಅದಕ್ಕೆ ತಲೆ ಆನಿಸಿ ಐದು ಗಂಟೆ ಗೊರಕೆ ಹೊಡೆದಿದ್ದರು. ಇಳಿಯುವಾಗ ನೋಡಿದರೆ ಕತ್ತು ಬಲಕ್ಕೆ ವಾಲಿ ಹಾಗೇ ನಿಂತುಬಿಟ್ಟಿದೆ! ಹೆಂಡತಿ ತಿಕ್ಕಿದ್ದೇ ತಿಕ್ಕಿದ್ದು. ಜಪ್ಪಯ್ಯ ಅಂದರೂ ನೆಟ್ಟಗಾಗಲಿಲ್ಲ.

"ಹೋಗ್ಲಿ ಬಿಡಿ. ಇವತ್ತೊಂದು ದಿನ ಅಂಗಡಿ ಮರೀರಿ. ಬೆಟ್ಟದ ಮುಂದೆ ಇಬ್ಬರೂ ನಿಂತು ಒಂದು ಫೋಟೋ, ಅಷ್ಟೇ ನಾನು ಕೇಳೋದು," ಅಂದರು ಆಕೆ. ಹನ್ನೊಂದು ವರ್ಷ ಕಾದ ಪ್ರವಾಸ. ಆ ಫೋಟೋಗೆಂದು ಅಂಗಡಿಯ ಕನ್ನಡಿ ಪಕ್ಕ ಮೊಳೆ ಬೇರೆ ಹೊಡೆದಿಟ್ಟು ಬಂದಿದ್ದರು.

ಬೆಟ್ಟದ ಇಡೀ ಮೈಯನ್ನೇ ಒಂದು ಮುಖವಾಗಿ ಕೆತ್ತಿದ್ದರು. ಒಂದೊಂದು ಕಣ್ಣೂ ಒಂದೊಂದು ಮನೆಯಷ್ಟು. ಮೂಗಿನ ಕೆಳಗೆ ಮಾತ್ರ ಮಣ್ಣು ತುಂಬಿ, ಹುಲ್ಲು ಬೆಳೆಸಿ, ಅದನ್ನೇ ಮೀಸೆ ಮಾಡಿದ್ದರು. ಎಲ್ಲರೂ ಬಾಯಿಬಿಟ್ಟುಕೊಂಡು ಕಣ್ಣು, ಹಣೆ ನೋಡುತ್ತಿದ್ದರೆ ಮಾಸ್ಟರ ದೃಷ್ಟಿ ನೇರ ಮೀಸೆಗೆ ಹೋಯಿತು.

"ಅಯ್ಯೋ, ಎಡಗಡೆ ಇಳಿದುಬಿಟ್ಟಿದೆಯಲ್ಲೇ!"

"ನಂಗೇನೂ ಕಾಣ್ತಿಲ್ಲ. ಸುಮ್ನಿರ್ರೀ."

ಸುಮ್ಮನಿರುವ ಜಾಯಮಾನವೇ ಅವರದಲ್ಲ. ಹಿಂದಿನ ಸೀಟಿನ ನಿವೃತ್ತ ಮೇಷ್ಟ್ರನ್ನು ಕರೆದು ತೋರಿಸಿದರು. ಮೇಷ್ಟ್ರು ಮಾಸ್ಟರ ಹಾಗೆಯೇ ಕತ್ತು ವಾಲಿಸಿ ನೋಡಿ, "ಹೌದಲ್ರೀ!" ಅಂದರು. ಅವರನ್ನು ನೋಡಿ ಇನ್ನೊಬ್ಬರು, ಮತ್ತೊಬ್ಬರು. ಕೊನೆಗೆ ಇಡೀ ಬಸ್ಸಿನವರೇ ಕತ್ತು ವಾಲಿಸಿ ನಿಂತು, ಮೀಸೆ ಸೊಟ್ಟ ಎಂದು ತೀರ್ಮಾನ ಕೊಟ್ಟರು. ಮಾಸ್ಟರು ಉಬ್ಬಿಹೋಗಿ ಸಿಕ್ಕಸಿಕ್ಕವರಿಗೆಲ್ಲ ಅಂಗಡಿಯ ಕಾರ್ಡು ಹಂಚಿದರು.

ಗಲಾಟೆ ಕೇಳಿ ಅಲ್ಲಿನ ಮಾಲಿ ಬಂದ. "ಇಪ್ಪತ್ತು ವರ್ಷದಿಂದ ಹಗ್ಗದಲ್ಲಿ ನೇತಾಡಿ ಇದನ್ನ ಕತ್ತರಿಸ್ತಿರೋನು ನಾನು. ಸೊಟ್ಟ ಇದೆಯಾ? ನೀವೇ ಹೋಗಿ ಸರಿಮಾಡಿ!"

"ಮಾಡ್ತೀನಿ! ಮೂವತ್ತು ವರ್ಷದಲ್ಲಿ ಒಂದೇ ಒಂದು ಮೀಸೆ ಕೆಡಿಸಿದೋನಲ್ಲ ನಾನು!" ಅಂದುಬಿಟ್ಟರು ಮಾಸ್ಟರು. ಬಸ್ಸಿನವರು ಚಪ್ಪಾಳೆ ತಟ್ಟಿದರು. ಹೆಂಡತಿ "ಬೇಡ್ರೀ, ಬೇಡ್ರೀ" ಅನ್ನುತ್ತಲೇ ಇದ್ದರು.

ಸೊಂಟಕ್ಕೆ ಹಗ್ಗ ಕಟ್ಟಿ ಮಾಸ್ಟರನ್ನು ಬೆಟ್ಟದ ತುದಿಯಿಂದ ಇಳಿಬಿಟ್ಟರು. ಕೆಳಗೆ ನೋಡಿದರೆ ತಲೆ ಗಿರ್ರ್ ಅನ್ನುತ್ತದೆ. ಆದರೂ ಮಾಲಿಯ ದೊಡ್ಡ ಕತ್ತರಿ ಹಿಡಿದು, ಎಡಗಡೆಯಿಂದ ಒಂದು ಮಾರು ಹುಲ್ಲು ಕತ್ತರಿಸಿಯೇ ಬಿಟ್ಟರು. ಕೆಳಗಿಳಿಸುವಾಗ ಹಗ್ಗ ಒಮ್ಮೆ ಜಗ್ಗಿತು. ಕತ್ತು ಲಟಕ್ ಎಂದಿತು.

ನೆಲ ಮುಟ್ಟಿದಾಗ ಕತ್ತು ನೆಟ್ಟಗಾಗಿತ್ತು! ಖುಷಿಯಿಂದ ತಲೆಯೆತ್ತಿ ಬೆಟ್ಟ ನೋಡಿದರು. ಮೀಸೆಯ ಎಡಗಡೆ ಇಲಿ ಕಡಿದ ಹಾಗೆ ಮೋಟು. ಸೊಟ್ಟಗಿದ್ದದ್ದು ಮೀಸೆಯಲ್ಲ, ತಮ್ಮ ಕತ್ತು ಅಂತ ಈಗ ಹೊಳೆಯಿತು.

"ಮತ್ತೆ ಬೆಳೆಯೋಕೆ ಎಷ್ಟು ದಿನ ಬೇಕಪ್ಪಾ?"

"ಬಂಡೆ ಮೇಲಿನ ಹುಲ್ಲಲ್ವಾ, ಎರಡು ವರ್ಷ," ಅಂದ ಮಾಲಿ ತಣ್ಣಗೆ. ಅವನು ದಾರಿಬದಿಯ ಬೋರ್ಡಿನಲ್ಲಿ ತನ್ನ ಹೆಸರು ಅಳಿಸಿ ಬೇರೇನೋ ಬರೆಯುತ್ತಿದ್ದ. "ಮೀಸೆ ಕತ್ತರಿಸಿದೋರ ಹೆಸರು ಹಾಕೋದು ಇಲ್ಲಿನ ಪದ್ಧತಿ." ಅವನ ಕೈಯಲ್ಲಿ ಮಾಸ್ಟರದೇ ಕಾರ್ಡು. ನೋಡಿಕೊಂಡು ಅಂಗಡಿ ವಿಳಾಸ, ಫೋನ್ ನಂಬರನ್ನೂ ದಪ್ಪಕ್ಷರದಲ್ಲಿ ಬರೆದ.

"ಬನ್ನಿ, ಫೋಟೋಗೆ ನಿಲ್ಲಿ," ಎಂದರು ಹೆಂಡತಿ ಹಲ್ಲು ಕಚ್ಚಿಕೊಂಡು.

ಮೇಷ್ಟ್ರು ಕ್ಯಾಮೆರಾ ಹಿಡಿದರು. ಮಾಸ್ಟರು ಅಂಗಲಾಚಿದರು: "ಮೇಷ್ಟ್ರೇ, ಬೋರ್ಡು ಬರೋದು ಬೇಡ. ಕ್ಯಾಮೆರಾ ಒಂಚೂರು ಬಲಕ್ಕೆ ವಾಲಿಸಿ, ನಿಮ್ಮ ದಮ್ಮಯ್ಯ."

ಫೋಟೋದಲ್ಲಿ ಮೀಸೆ ನೆಟ್ಟಗೆ ಬಂತು. ಗಂಡ ಹೆಂಡತಿ ಇಬ್ಬರೂ ಸೊಟ್ಟಗೆ ಬಂದರು.