ಲಸಿಕೆ ಪಟ್ಟಿಯ ಕೆಂಪು ಚೌಕದವರ ಸನ್ನಿಧಿಗೆ

ಮಾನ್ಯ ಕೆಂಪು ಚೌಕದವರೇ,

ಹತ್ತಿಮತ್ತೂರಿನ ಚೌಡಪ್ಪ ಮಾಡುವ ನಮಸ್ಕಾರಗಳು. ತಾವು ಹಾನಗಲ್ಲಿನ ಪಶುಸೇವಾ ಸಂಸ್ಥೆಯ ಕಂಪ್ಯೂಟರಿನಲ್ಲಿ, ಸ್ಪ್ರೆಡ್‌ಶೀಟ್ ಎಂಬ ಚೌಕುಳಿ ಹಾಳೆಯೊಳಗೆ, ಊರಿನ ಹೆಸರುಗಳ ಪಕ್ಕದಲ್ಲಿ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಾನು ಏಳನೇ ಇಯತ್ತೆಯವರೆಗೆ ಕಲಿತವನಾದರೂ ಏಳೂ ವರ್ಷ ಮೊದಲ ಸಾಲಿನಲ್ಲೇ ಕುಳಿತವನಾದ್ದರಿಂದ ದೊಡ್ಡವರಿಗೆ ಪತ್ರ ಬರೆಯುವ ರೀತಿ ಬಲ್ಲೆ.

ತಮ್ಮ ಮೌನವನ್ನು ಎಷ್ಟು ಹೊಗಳಿದರೂ ಕಡಿಮೆ. ನನ್ನ ಅಕ್ಕನ ಮಗಳು ಸಮತಾ ಹುಟ್ಟಿನಿಂದ ಕಣ್ಣು ಕಾಣದವಳು. ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶಕ್ಕೆ ಕಿವಿಕೊಟ್ಟು, ನಾನು ಎಲೆಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ಮೂರು ಪುಟ ಮುಗಿಸುತ್ತಾಳೆ. ತಮ್ಮ ಸಂಸ್ಥೆಯಲ್ಲಿ ಆಕೆಯದು ಮೂರು ತಿಂಗಳ ಪರೀಕ್ಷಾವಧಿಯ ನೌಕರಿ. ದನಗಳಿಗೆ ಕಾಲುಬಾಯಿ ರೋಗದ ಲಸಿಕೆ ಹಾಕುವುದು ಯಾವ ಊರಲ್ಲಿ ಉಳಿದಿದೆಯೆಂದು ಪಟ್ಟಿಯಲ್ಲಿ ತಿಳಿದು, ಅಲ್ಲಿಗೆ ಗಾಡಿ ಕಳಿಸಬೇಕು. ಮುಗಿದ ಊರಿಗೆ ಹಸಿರು, ಅರ್ಧವಾದದ್ದಕ್ಕೆ ಕಿತ್ತಳೆ, ಆಗದ್ದಕ್ಕೆ ತಾವು. ತಮ್ಮ ಮೂವರೊಳಗೂ ಬಣ್ಣ ಬಿಟ್ಟರೆ ಒಂದಕ್ಷರವೂ ಇಲ್ಲವಾದ್ದರಿಂದ ಆ ತಂತ್ರಾಂಶ ರಟ್ಟೀಹಳ್ಳಿಗೂ "ಖಾಲಿ", ಸವಣೂರಿಗೂ "ಖಾಲಿ" ಎನ್ನುತ್ತದೆ.

ಯಾವ ಊರು ಉಳಿದಿದೆಯೆಂದು ತಿಳಿಯುವುದು ಹೇಗೆಂದು ಆಕೆ ಮೇಲ್ವಿಚಾರಕ ರಾಜಕುಮಾರರನ್ನು ಕೇಳಿದಳು. "ಕಣ್ಣಿಗೆ ಹೊಡಿಯೂ ಹಂಗ ಕೆಂಪು ಮಾಡೇನಲ್ಲವಾ" ಎಂದರು. "ನನಗ ಕಿವಿಗೆ ಹೊಡಿಯೂ ಹಂಗ ಮಾಡ್ರಿ ಸರ್" ಎಂದಳಂತೆ.

ಕೊನೆಗೆ ಬಣ್ಣ ಓದಲು ನಾನೇ ಹೋದೆ. ಸವಣೂರ ಸಂತೆಯಲ್ಲಿ ಇಪ್ಪತ್ತು ವರ್ಷ ಸೀರೆ ಮಾರಿದವನನ್ನು ಬಣ್ಣದ ವಿಷಯದಲ್ಲಿ ಮೀರಿಸುವವರು ನಾಲ್ಕು ತಾಲೂಕಿನಲ್ಲಿಲ್ಲ. ಗಿಣಿಹಸಿರು, ಕುಂಕುಮ, ಉಳ್ಳಾಗಡ್ಡಿ ಎಂದು ಓದುತ್ತ ಹೋದೆ. "ಮಾಮಾ, ಉಳ್ಳಾಗಡ್ಡಿ ಅಂದ್ರ ಕೆಂಪೋ, ಕಿತ್ತಳೆಯೋ?" ಎಂದಳು. "ಅದೂ ಒಂಥರಾ ಕೆಂಪ ಅನ್ನವಾ" ಎಂದೆ. ಹೀಗಾಗಿ ಅರ್ಧ ಮುಗಿದು ಕಿತ್ತಳೆಯಾಗಿದ್ದ ನಮ್ಮೂರಿಗೇ ಗಾಡಿ ಬಂದು, ಮೊದಲ ಮನೆಯಿಂದ ಮತ್ತೆ ಶುರುಮಾಡಿತು. ಮೊದಲ ಮನೆಯ ಮಾಲತೇಶ ಎಮ್ಮೆಗೆ ಅಡ್ಡ ನಿಂತು, "ಮೊನ್ನೆ ಚುಚ್ಚೀರಿ, ಇವತ್ತೂ ಚುಚ್ಚಾಕ ಬಂದೀರಿ, ನಮ್ಮೆಮ್ಮಿ ನಿಮ್ಮ ಮ್ಯಾಲೇನ್ ಕೇಸ್ ಹಾಕೇತೇನ್ರಿ?" ಎಂದು ಕೇಳಿದ. ಬೈಗುಳ ಬಿದ್ದದ್ದು ಸಮತಾಳಿಗೆ. ಸೋಮವಾರದ ಪಟ್ಟಿಯಲ್ಲಿ ಇನ್ನೊಂದು ತಪ್ಪಾದರೆ ನೌಕರಿ ಇಲ್ಲವಂತೆ. ಬಣ್ಣದ ಪಕ್ಕದಲ್ಲಿ ಒಂದು ಮಾತು ಬರೆಯಿಸಿರೆಂದು ಆಕೆ ಕೇಳಿದರೆ, ರಾಜಕುಮಾರರು ಪಟ್ಟಿ ಚಂದ ಕಾಣುವುದಿಲ್ಲವೆಂದರು.

ಆದ್ದರಿಂದ ತಾವು ಸೋಮವಾರದೊಳಗೆ ಮಾತು ಕಲಿಯಬೇಕಾಗಿ ವಿನಂತಿ. ಅದಾಗದಿದ್ದರೆ ಬಿಸಿಯಾಗಿರಿ, ಆಕೆ ಪರದೆ ಮುಟ್ಟಿ ತಿಳಿಯುತ್ತಾಳೆ. ಅದೂ ಆಗದಿದ್ದರೆ ಬ್ಯಾಡಗಿ ಮೆಣಸಿನಕಾಯಿಯ ಘಾಟನ್ನಾದರೂ ಬಿಡಿರಿ. ಇವೆಲ್ಲ ತಮ್ಮ ಘನತೆಗೆ ಕುಂದೆನಿಸಿದರೆ, "ಆಗಿಲ್ಲ" ಎಂಬ ಮೂರಕ್ಷರಕ್ಕೆ ತಮ್ಮ ಹೊಟ್ಟೆಯಲ್ಲಿ ಜಾಗ ಕೊಡಿರಿ.

ಇಷ್ಟಾದರೂ ತಮ್ಮ ಕೆಂಪನ್ನು ಸಂಶಯಿಸದ,
ತಮ್ಮ ವಿಶ್ವಾಸಿ,
ಚೌಡಪ್ಪ

ತಾ.ಕ.: ಅಂಚೆಗೆ ಹಾಕುವ ಮೊದಲೇ ಸುದ್ದಿ ಬಂತು. ಸೋಮವಾರ ಮೇಲಿನವರಿಗೆ ಕೊಡಲು ಪಟ್ಟಿಯನ್ನು ಆಫೀಸಿನ ಕಪ್ಪುಬಿಳುಪು ಪ್ರಿಂಟರಿನಲ್ಲಿ ತೆಗೆದರೆ ತಾವು, ಹಸಿರು, ಕಿತ್ತಳೆ ಮೂವರೂ ಒಂದೇ ಬೂದಿಯಾಗಿ ಬಂದಿರಂತೆ. ರಾಜಕುಮಾರರು ಕಾಗದವನ್ನು ಕಿಟಕಿಗೆ ಹಿಡಿದು, ಓರೆ ಮಾಡಿ ನೋಡಿ, "ಸಮತಾ, ನಿನ್ನ ಕಡೆ ಏನರ ಬರದಿಟ್ಟಿಯೇನವಾ?" ಎಂದರು. ಆಕೆ ಅಷ್ಟರಲ್ಲಿ ಊರೂರಿಗೆ ಫೋನು ಮಾಡಿ, ತನ್ನದೇ ಪಟ್ಟಿಯಲ್ಲಿ ಎಲ್ಲವನ್ನೂ ಅಕ್ಷರದಲ್ಲಿ ಬರೆದಿಟ್ಟಿದ್ದಳು. ಮೇಲಕ್ಕೆ ಹೋದದ್ದು ಅದೇ. ಇನ್ನು ಮುಂದೆ ನಡೆಯುವುದೂ ಅದೇ ಪಟ್ಟಿ, ಆಕೆಯ ನೌಕರಿಯೂ ಉಳಿಯಿತು. ತಾವು ನಿವೃತ್ತರಾಗುವುದಾದರೆ ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ. ಶಾಲಿನ ಬಣ್ಣವನ್ನು ಸಮತಾ ಆರಿಸುತ್ತಾಳೆ.