ಅಜ್ಜಿಯ ರಾಗಿ ಸರ್ಕಾರದ ಯೋಜನೆಗೆ ಸೇರಿದ್ದು

ಬೀಜದ ವಿಷಯದಲ್ಲಿ ಸರ್ಕಾರದ್ದು ಒಂದು ದಾರಿ, ನಮ್ಮ ರೈತರದ್ದು ಇನ್ನೊಂದು. ಎರಡೂ ಕೂಡುವ ಜಾಗದಲ್ಲಿ ಸಿಕ್ಕಿಕೊಂಡವನು ನಾನು, ರೈತ ಸಂಪರ್ಕ ಕೇಂದ್ರದ ನೌಕರ. ಶ್ರೀರಂಗಪಟ್ಟಣದಲ್ಲಿದ್ದಾಗಲೂ ಪೇಚಿಗೆ ಸಿಕ್ಕಿದ್ದೇನೆ, ಕೆ.ಆರ್. ಪೇಟೆಯಲ್ಲೂ ಸಿಕ್ಕಿದ್ದೇನೆ. ಆದರೆ ದೇವಲಾಪುರ ಹೋಬಳಿಯಲ್ಲಿ ಸಿಕ್ಕಿದಷ್ಟು ಎಲ್ಲೂ ಇಲ್ಲ.

ಸಾವಯವ ಬೀಜಕ್ಕೂ ರೈತರೇ ಆರಿಸಿ ಉಳಿಸಿದ ತಳಿಗಳಿಗೂ ಬೆಂಬಲ ಕೊಡುವ ಯೋಜನೆಯೊಂದು ಬಂತು. ಆಯ್ಕೆಯಾದ ತಳಿಯ ಬೀಜವನ್ನು ಇಲಾಖೆಯೇ ಬೆಳೆಸಿ ತಾಲ್ಲೂಕಿಗೆಲ್ಲ ಹಂಚುತ್ತದೆ. ನನ್ನ ಹೋಬಳಿಯಲ್ಲಿ ಅಂಥ ರಾಗಿ ಉಳಿದಿದ್ದದ್ದು ಒಬ್ಬ ಅಜ್ಜಿಯ ಮನೆಯಲ್ಲಿ ಮಾತ್ರ. ಆಯ್ಕೆಯಾಗದಿದ್ದರೆ ಅಜ್ಜಿಯ ಕಾಲಕ್ಕೇ ಆ ರಾಗಿಯೂ ಮುಗಿದಂತೆ. ಅದು ನನಗೂ ಗೊತ್ತಿತ್ತು, ಅಜ್ಜಿಗೂ ಗೊತ್ತಿತ್ತು.

ಅರ್ಜಿ

ಜಗುಲಿಯ ಮೇಲೆ ಕೂತು ಅರ್ಜಿ ತುಂಬಿಸತೊಡಗಿದೆ.

"ಅಜ್ಜಿ, ತಳಿ ಆಯ್ಕೆ ಶುರು ಮಾಡಿದ್ದು ಯಾವಾಗ?"

"ಈ ಮನೆಗೆ ಸೊಸೆಯಾಗಿ ಬಂದಾಗ್ಲಿಂದ."

"ಸಂಶೋಧನೆ ನಡೆದ ಸ್ಥಳ?"

"ಒಲ, ಕಣ, ಅಟ್ಟ. ಇನ್ನೆಲ್ ಮಾಡಾರು?"

"ಸಹ ಸಂಶೋಧಕರು ಯಾರಾದ್ರೂ ಇದ್ದಾರಾ?"

"ನಮ್ಮತ್ತೆ ಇದ್ರು, ಓಗ್ಬುಟ್ರು. ಈಗ ನಮ್ಮ ಹಸೂನೇ. ಯಾವ ಹುಲ್ಲ ಮೊದ್ಲು ತಿಂತದೋ ಆ ರಾಗೀನೇ ಬೀಜಕ್ಕೆ ಇಟ್ಕತೀನಿ."

ಅಜ್ಜಿ ಹೇಳಿದ್ದನ್ನೆಲ್ಲ ಇದ್ದಂತೆಯೇ ಬರೆದು ಕಳಿಸಿದೆ. ಹದಿನೈದು ದಿನಕ್ಕೆ ಅರ್ಜಿ ವಾಪಸು ಬಂತು. ಕೆಂಪು ಶಾಯಿಯಲ್ಲಿ ಒಂದು ಸಾಲು: "ಸಹ ಸಂಶೋಧಕರ ಸಹಿ ಇಲ್ಲ."

ಕಳ್ಳತನ

ಸಹ ಸಂಶೋಧಕರ ಜಾಗ ಖಾಲಿ ಬಿಟ್ಟು ಮತ್ತೆ ಕಳಿಸಿದ ಮೇಲೆ ಅರ್ಜಿ ಒಪ್ಪಿಗೆಯಾಯಿತು. ಬೀಜದ ಮಾದರಿ ಕೊಡಲು ಕೊನೆಯ ದಿನ ಶುಕ್ರವಾರ. ಬೆಳಿಗ್ಗೆಯೇ ಹೋದೆ. ಅಜ್ಜಿ ಬಾಗಿಲಲ್ಲೇ ತಡೆದರು.

"ಸುಕ್ರವಾರ ಮನೆಯಿಂದ ಬೀಜ ಕೊಡಾಕಿಲ್ಲ ಕಣ್ ಮಗ. ಲಕ್ಷ್ಮಿ ಆಚ್ಗೋಯ್ತಾಳೆ."

"ಅಜ್ಜಿ, ಇವತ್ತು ಕೊಡದಿದ್ರೆ ಯೋಜನೇನೇ ಆಚೆಗೆ ಹೋಗುತ್ತೆ."

ಅಜ್ಜಿ ಒಳಗಿನ ಕೋಣೆಯತ್ತ ಕಣ್ಣು ಹಾಯಿಸಿದರು. "ನಾನ್ ಕೊಡಂಗಿಲ್ಲ, ನೀನ್ ಕೇಳಂಗಿಲ್ಲ. ಕದ್ಕಂಡೋಗು. ಕದ್ರೆ ದೋಸ ಇಲ್ಲ."

ಹೀಗೆ ಹೇಳಿ ಕೊಟ್ಟಿಗೆಗೆ ಹೋಗಿ ನನಗೆ ಬೆನ್ನು ಮಾಡಿ ಕೂತರು. ಸರ್ಕಾರಿ ನೌಕರನಾದ ನಾನು ಹಾಡಹಗಲು ಇಲಾಖೆಯ ಚೀಲ ಹಿಡಿದು ಕೋಣೆಗೆ ನುಗ್ಗಿದೆ. ರಾಗಿ ತುಂಬಿದ ಎರಡು ಗುಡಾಣಗಳಲ್ಲಿ ಒಂದರ ಮುಚ್ಚಳ ತೆಗೆದದ್ದೇ ತಡ, ಕೊಟ್ಟಿಗೆಯಿಂದ ಕೂಗು ಬಂತು.

"ಲೇ, ಬಲಗಡೇದು ಊಟದ್ದು ಕಣ್ಲಾ! ಎಡಗಡೆ ಗುಡಾಣದ್ ಕದಿ!"

ತರಬೇತಿ

ಆಮೇಲೆ ಅಜ್ಜಿಯನ್ನು ಪಾಂಡವಪುರದ ತರಬೇತಿಗೆ ಕರೆದುಕೊಂಡು ಹೋದೆ. ತಜ್ಞರೊಬ್ಬರು ಪರದೆಯ ಮೇಲೆ ದೊಡ್ಡ ರಾಗಿ ತೆನೆ ತೋರಿಸಿ, ಒಳ್ಳೆಯ ಬೀಜ ಆರಿಸುವುದು ಹೇಗೆಂದು ಒಂದು ಗಂಟೆ ವಿವರಿಸಿದರು. ಕೊನೆಗೆ, "ಯಾರಿಗಾದರೂ ಅನುಮಾನ ಇದೆಯಾ?" ಅಂದರು.

ಅಜ್ಜಿ ಎದ್ದು ನಿಂತರು. "ನಂಗೇನೂ ಅನ್ಮಾನ ಇಲ್ಲ ಸ್ವಾಮಿ. ಅದು ಬದಿನ ಪಕ್ಕದ ತೆನೆ. ಬದಿನ ಗೊಬ್ರ ತಿಂದು ಕೊಬ್ಕಂಡದೆ. ಬೀಜಕ್ಕಾಗಕಿಲ್ಲ."

ತಜ್ಞರು ಪರದೆಯತ್ತ ತಿರುಗಿದರು. "ಅದು... ನಮ್ಮ ಕಚೇರಿ ಕಾಂಪೌಂಡಿನ ಪಕ್ಕದ್ದೇ ಅಮ್ಮ" ಎಂದು ಮೆಲ್ಲಗೆ ಒಪ್ಪಿಕೊಂಡರು.

ತಪಾಸಣೆ

ಕೊನೆಯದು ಹೊಲದ ತಪಾಸಣೆ. ಅದರಲ್ಲಿ ಪಾಸಾದರೆ ಅಜ್ಜಿಯ ರಾಗಿ ಉಳಿಯಿತು, ಇಲ್ಲದಿದ್ದರೆ ಇಲ್ಲ.

ತಪಾಸಣೆಯ ಸಾಹೇಬರು ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದು, "ಸಾವಯವ ಬೀಜದ ತಾಕು" ಎಂಬ ನಮ್ಮ ಬೋರ್ಡು ನೋಡಿ ನೇರವಾಗಿ ಹೊಲಕ್ಕಿಳಿದಿದ್ದರು. ನಾನು ಓಡಿ ಬರುವಷ್ಟರಲ್ಲಿ ಅವರ ಮುಖ ಕೆಂಪಾಗಿತ್ತು.

"ಏನ್ರೀ ಇದು? ಸಾವಯವ ಅಂತ ಬೋರ್ಡು, ಬೆದರುಬೊಂಬೆಗೆ ಯೂರಿಯಾ ಚೀಲದ ಅಂಗಿ! ರಾಗಿ ನೋಡಿ, ಕಡುಹಸಿರಾಗಿ ನೆಲಕ್ಕೆ ಮಲಗಿದೆ. ರಿಜೆಕ್ಟ್!"

ಅಷ್ಟರಲ್ಲಿ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಓಡಿ ಬಂದರು.

"ಅಯ್ಯೋ, ಅದು ಪಕ್ಕದೋನ ಒಲ ಸ್ವಾಮಿ! ನಂದು ಬೇಲಿ ಆಕಡೆ. ಬೋಡು ನೋಡಿ ಓಗೋರ್ ಬರೋರೆಲ್ಲ ಕಣ್ಣಾಕ್ತಾರೆ ಅಂತ, ಬೋಡ್ ಕಿತ್ತು ಅವನ ಒಲದಲ್ಲಿ ನೆಟ್ಟಿದ್ದೆ. ದೃಷ್ಟಿಯೇನಿದ್ರೂ ಅವನಿಗೇ ಬೀಳ್ಲಿ!"

ಸಾಹೇಬರು ಬೇಲಿ ದಾಟಿದರು. ಅಜ್ಜಿಯ ರಾಗಿ ಎದೆಯೆತ್ತರ ನೆಟ್ಟಗೆ ನಿಂತಿತ್ತು, ಒಂದೊಂದು ತೆನೆಯೂ ಮುಷ್ಟಿ ಗಾತ್ರ. ಅವರು ಬಾಯಿ ಬಿಟ್ಟುಕೊಂಡು ನೋಡಿ, "ಅಬ್ಬಬ್ಬಾ! ಇಂಥಾ ರಾಗಿ ನನ್ನ ಸರ್ವೀಸಿನಲ್ಲೇ ನೋಡಿಲ್ಲ!" ಎಂದುಬಿಟ್ಟರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಆದರೆ ಅಜ್ಜಿಯ ಮುಖ ಬಾಡಿತು.

"ಸ್ವಾಮಿ, ಒಸಿ ಎಡಗಾಲೆತ್ತಿ."

ಸಾಹೇಬರು ಎತ್ತಿದರು. ಅಜ್ಜಿ ಅವರ ಪಾದದ ಕೆಳಗಿನ ಮಣ್ಣನ್ನು ಒಂದು ಹಿಡಿ ತೆಗೆದು ಸೆರಗಿಗೆ ಕಟ್ಟಿಕೊಂಡರು. ದೃಷ್ಟಿ ತೆಗೆಯಲು ಎಂದು ನನಗೆ ಗೊತ್ತಾಯಿತು, ಸಾಹೇಬರಿಗೆ ಆಗಲಿಲ್ಲ. ಅವರು ಅಲ್ಲೇ ಪಾಸು ಮಾಡಿ ವರದಿಯಲ್ಲಿ ಹೀಗೂ ಬರೆದರು: "ರೈತ ಮಹಿಳೆ ಸ್ಥಳದಲ್ಲೇ ಮಣ್ಣಿನ ಮಾದರಿ ಸಂಗ್ರಹಿಸಿದರು. ಶ್ಲಾಘನೀಯ."

ಸಂಜೆ ಅಜ್ಜಿಯ ಫೋನು ಬಂತು. ಪಾಸಾದ ಖುಷಿಗೆ ಮಾಡಿದ್ದಾರೆ ಅಂದುಕೊಂಡೆ.

"ಮಗಾ, ಆ ಮಣ್ಣಿನ್ ಜೊತ್ಗೆ ಒಂದ್ ಬೊಗಸೆ ಮೆಣಸಿನಕಾಯಿ ಒಲೆಗಾಕ್ದೆ. ಒಂದ್ ಚೂರೂ ಘಾಟೇ ಬರ್ನಿಲ್ಲ ಕಣ್ಲಾ, ಅಷ್ಟು ದೃಷ್ಟಿ ಬಿದ್ದದೆ! ಮುಂದಿನ್ ವರ್ಸ ಬಂದ್ರೆ, ನಿಮ್ ಸಾಯೇಬ್ರನ್ನ ಪಕ್ಕದೋನ ಒಲದಲ್ಲೇ ನಿಲ್ಲಿಸ್ಬುಡು."